ದೊಡ್ಡಮ್ಮ ಕೊಟ್ಟ ಕಥಾಸಂಕಲನ: ಹಳೇ ಪುಸ್ತಕದ ಮೊದಲ ಪುಟ ಹೇಳುವ ಇತಿಹಾಸ

ಇವತ್ತು ಒಂದು ಪುಸ್ತಕದ ಬಗ್ಗೆ ಮಾತಾಡೋಣ. ಪುಸ್ತಕ ಅಂದರೆ ಅದರೊಳಗಿನ ಕಥೆಗಳ ಬಗ್ಗೆ ಅಲ್ಲ, ಒಂದೇ ಒಂದು ಪ್ರತಿಯ ಬಗ್ಗೆ.

ಅದೊಂದು ಸಣ್ಣಕಥೆಗಳ ಸಂಕಲನ. 1846ರಲ್ಲಿ ನ್ಯೂಯಾರ್ಕಿನಲ್ಲಿ ಅಚ್ಚಾಗಿದ್ದು. ಬರೆದವರು ನಥಾನಿಯಲ್ ಹಾಥಾರ್ನ್. ಹೆಸರು ‘ಮಾಸಸ್ ಫ್ರಮ್ ಆನ್ ಓಲ್ಡ್ ಮ್ಯಾನ್ಸ್’, ಅಂದರೆ ಹಳೇ ಪಾದ್ರಿಮನೆಯಲ್ಲಿ ಬೆಳೆದ ಪಾಚಿ ಅಂತ ಇಟ್ಟುಕೊಳ್ಳಿ. ಈ ಆವೃತ್ತಿಯ ಪ್ರತಿಗಳು ಬೇರೆ ಬೇರೆ ಲೈಬ್ರರಿಗಳಲ್ಲಿ ಇವೆ. ಆದರೆ ಹಾರ್ವರ್ಡ್ ವಿಶ್ವವಿದ್ಯಾಲಯದ ಹೌಟನ್ ಲೈಬ್ರರಿಯಲ್ಲಿರುವ ಒಂದು ಪ್ರತಿ ಉಳಿದವುಗಳ ಹಾಗಲ್ಲ. ಅದರ ಮೊದಲಲ್ಲಿ ಕೈಬರಹದಲ್ಲಿ ಒಂದು ಹೆಸರಿದೆ, ಕೊಟ್ಟವರು ಯಾರು ಅಂತಿದೆ, ಒಂದು ಊರು, ಒಂದು ತಾರೀಖು ಇದೆ. ಒಳಗೆ ಪೆನ್ಸಿಲ್ ಗೆರೆಗಳಿವೆ. ಆ ಹೆಸರು ಹರ್ಮನ್ ಮೆಲ್ವಿಲ್. ‘ಮೋಬಿ ಡಿಕ್’ ಬರೆದ ಮೆಲ್ವಿಲ್.

ಕಾಂದಿವಲಿಯಲ್ಲಿ ಕೂತು ಅಮೆರಿಕದ ಪುಸ್ತಕದ ಕಥೆ ಯಾಕೆ ಹೇಳ್ತಾ ಇದೀಯಪ್ಪಾ ಅಂತ ಕೇಳಬಹುದು. ಕಾರಣ ಇದೆ. ಮಹಾವೀರ ನಗರ, ಪೊಯಿಸರ್, ಚಾರ್ಕೋಪ್ ಕಡೆ ಓಡಾಡೋರಿಗೆ ಗೊತ್ತು, ಹಳೇ ಬಿಲ್ಡಿಂಗುಗಳು ಒಂದೊಂದಾಗಿ ರೀಡೆವಲಪ್‌ಮೆಂಟಿಗೆ ಹೋಗ್ತಾ ಇವೆ. ಮನೆ ಖಾಲಿ ಮಾಡುವಾಗ ಮೊದಲು ಹೊರಗೆ ಬರೋದು ಪುಸ್ತಕದ ಕಪಾಟು. ಅದರಲ್ಲಿ ಕನ್ನಡದ ಕಪಾಟುಗಳೂ ಇವೆ. ಆ ಕಪಾಟುಗಳ ವಿಷಯಕ್ಕೆ ಬರೋಕೆ ಮುಂಚೆ, ಒಂದು ಕಪಾಟು ಚೆದುರಿಹೋದರೆ ಏನಾಗುತ್ತೆ ಅಂತ ಚೆನ್ನಾಗಿ ದಾಖಲಾಗಿರುವ ಒಂದು ಪ್ರಸಂಗ ನೋಡಿಬಿಡೋಣ.

1850ರ ಜುಲೈ

ಮೆಲ್ವಿಲ್‌ಗೆ ಆಗ ಇನ್ನೂ ಮೂವತ್ತು, ಆಗಸ್ಟ್ ಬಂದರೆ ಮೂವತ್ತೊಂದು. ಹಡಗಿನಲ್ಲಿ ಕೆಲಸ ಮಾಡಿ ಬಂದವರು, ಸಮುದ್ರದ ಕಥೆ ಬರೆದು ಹೆಸರು ಮಾಡಿದವರು. ತಿಮಿಂಗಿಲ ಬೇಟೆಯ ಬಗ್ಗೆ ಹೊಸ ಪುಸ್ತಕ ಶುರು ಮಾಡಿದ್ದರು. ಶರತ್ಕಾಲದ ಹೊತ್ತಿಗೆ ಮುಗಿಸಿಬಿಡ್ತೀನಿ ಅಂತ ಲಂಡನ್ನಿನ ಪ್ರಕಾಶಕರಿಗೆ ಹೇಳಿಯೂ ಆಗಿತ್ತು. ಡೆಲಿವರಿ ಡೇಟ್ ಕೊಟ್ಟಾಗಿತ್ತು ಅನ್ನಿ.

ಆ ಬೇಸಿಗೆಯಲ್ಲಿ ಅವರು ಮ್ಯಾಸಚೂಸೆಟ್ಸ್‌ನ ಪಿಟ್ಸ್‌ಫೀಲ್ಡ್‌ಗೆ, ಸಂಬಂಧಿಕರ ಮನೆಗೆ ಹೋದರು. ಅಲ್ಲಿ ಜುಲೈ 18ರಂದು ಈ ಕಥಾಸಂಕಲನ ಅವರ ಕೈಗೆ ಬಂತು. ಕೊಟ್ಟವರು ‘ಆಂಟ್ ಮೇರಿ’. ಇಂಗ್ಲಿಷಿನಲ್ಲಿ ಅತ್ತೆಯೂ ಆಂಟೇ, ಚಿಕ್ಕಮ್ಮನೂ ಆಂಟೇ. ನಾವು ಕನ್ನಡದವರಿಗೆ ಅಷ್ಟು ಸಾಕಾಗೋದಿಲ್ಲ, ಯಾವ ಕಡೆ ಸಂಬಂಧ ಅಂತ ಗೊತ್ತಾಗಬೇಕು. ಇವರು ಮೆಲ್ವಿಲ್ ತಂದೆಯ ಅಣ್ಣ ಥಾಮಸ್ ಅವರ ಎರಡನೇ ಹೆಂಡತಿ. ಅಂದರೆ ದೊಡ್ಡಮ್ಮ. ದೊಡ್ಡಪ್ಪ ತೀರಿಕೊಂಡು ಐದು ವರ್ಷ ಆಗಿತ್ತು.

ಮುಂದೆ ಆದದ್ದು ಬಹಳ ಬೇಗ ಆಯ್ತು. ಆಗಸ್ಟ್ 5ರಂದು ಮಾನ್ಯುಮೆಂಟ್ ಮೌಂಟನ್ ಅನ್ನೋ ಗುಡ್ಡಕ್ಕೆ ಬರಹಗಾರರ ಒಂದು ಗುಂಪು ಪಿಕ್‌ನಿಕ್ ಹೋಯ್ತು. ಮಳೆ ಬಂತು. ಅಲ್ಲೇ ಮೆಲ್ವಿಲ್ ಮತ್ತು ಹಾಥಾರ್ನ್ ಮೊದಲ ಸಲ ಭೇಟಿಯಾಗಿದ್ದು. ಹಾಥಾರ್ನ್ ಹದಿನೈದು ವರ್ಷ ದೊಡ್ಡವರು. ಅದೇ ತಿಂಗಳ 17 ಮತ್ತು 24ರ ಸಂಚಿಕೆಗಳಲ್ಲಿ ‘ಲಿಟರರಿ ವರ್ಲ್ಡ್’ ಪತ್ರಿಕೆಯಲ್ಲಿ ಈ ಕಥಾಸಂಕಲನದ ಬಗ್ಗೆ ಮೆಲ್ವಿಲ್ ಬರೆದ ಉದ್ದನೆಯ ಲೇಖನ ಎರಡು ಕಂತಾಗಿ ಬಂತು. ಅದರಲ್ಲಿ ಹಾಥಾರ್ನ್ ಅವರನ್ನು ಶೇಕ್ಸ್‌ಪಿಯರ್ ಪಕ್ಕದಲ್ಲಿ ತಂದು ಕೂರಿಸಿದ್ದರು. ತಿಮಿಂಗಿಲದ ಪುಸ್ತಕ ಶರತ್ಕಾಲಕ್ಕೆ ಮುಗಿಯಲಿಲ್ಲ. ಇನ್ನೂ ಒಂದು ವರ್ಷ ಹಿಡಿಯಿತು. 1851ರಲ್ಲಿ ‘ಮೋಬಿ ಡಿಕ್’ ಆಗಿ ಹೊರಬಂದಾಗ ಅದರ ಅರ್ಪಣೆಯಲ್ಲಿ ಇದ್ದದ್ದು ಹಾಥಾರ್ನ್ ಹೆಸರು. ಸಾಹಸದ ಕಥೆಯಾಗಿ ಶುರುವಾದದ್ದು ಇಷ್ಟು ಆಳದ ಕಾದಂಬರಿ ಆಗೋಕೆ ಈ ಓದು ಮತ್ತು ಈ ಸ್ನೇಹ ದೊಡ್ಡ ಕಾರಣ ಅನ್ನೋದು ಅನೇಕ ವಿದ್ವಾಂಸರ ಅಭಿಪ್ರಾಯ.

ಲೇಖನ ಒಂದು ಹೇಳುತ್ತೆ, ಮೊದಲ ಪುಟ ಇನ್ನೊಂದು

ಈಗ ಸ್ವಾರಸ್ಯದ ಜಾಗಕ್ಕೆ ಬಂದ್ವಿ. ಮೆಲ್ವಿಲ್ ಆ ಲೇಖನಕ್ಕೆ ತಮ್ಮ ಹೆಸರು ಹಾಕಲಿಲ್ಲ. ವರ್ಮಾಂಟ್‌ನಲ್ಲಿ ಜುಲೈ ಕಳೆಯುತ್ತಿರುವ ಒಬ್ಬ ವರ್ಜೀನಿಯಾದವನು ಬರೆದ ಹಾಗೆ ಬರೆದರು. ಹಾಥಾರ್ನ್ ಅವರನ್ನು ತಾನು ಕಣ್ಣಲ್ಲೇ ನೋಡಿಲ್ಲ ಅನ್ನೋ ಮಾತೂ ಅದರಲ್ಲಿ ಬರುತ್ತೆ. ಪುಸ್ತಕ ಹೇಗೆ ಸಿಕ್ಕಿತು ಅನ್ನೋದಕ್ಕೂ ಒಂದು ಚೆಂದದ ಕಥೆ ಕಟ್ಟಿದ್ದಾರೆ. ಚೆರ್ರಿ ಅನ್ನೋ ಹೆಸರಿನ ಸಂಬಂಧಿಕ ಹುಡುಗಿ, ಬೆಟ್ಟದ ಸೀಮೆಯವಳು, ಇವರು ಓದುತ್ತಿದ್ದ ಒಂದು ಪ್ರವಾಸದ ಪುಸ್ತಕವನ್ನು ಬಿಡಿಸಿ ಈ ಸಂಕಲನ ಕೈಗಿಟ್ಟಳಂತೆ. ಇವರು ಹುಲ್ಲಿನ ಕಣಜದಲ್ಲಿ ಮಲಗಿಕೊಂಡು ಓದಿದರಂತೆ.

ಈ ಲೇಖನ ಮಾತ್ರ ಉಳಿದು ಪುಸ್ತಕ ಕಳೆದುಹೋಗಿದ್ದರೆ? ಇವತ್ತಿಗೂ ಯಾರಾದರೊಬ್ಬರು ಚೆರ್ರಿ ಯಾರು ಅಂತ ಹುಡುಕುತ್ತಾ ಕೂತಿರುತ್ತಿದ್ದರು. ಆದರೆ ಪುಸ್ತಕ ಉಳಿದಿದೆ. ಅದರ ಮೊದಲಲ್ಲಿ ಕೈಯಿಂದ ಬರೆದ ಒಂದೂವರೆ ಸಾಲು ಇಡೀ ನಾಟಕವನ್ನು ಸರಿಪಡಿಸುತ್ತದೆ. ವರ್ಜೀನಿಯಾ ಅಲ್ಲ, ವರ್ಮಾಂಟ್ ಅಲ್ಲ, ಪಿಟ್ಸ್‌ಫೀಲ್ಡ್. ಚೆರ್ರಿ ಅಲ್ಲ, ದೊಡ್ಡಮ್ಮ. ತಾರೀಖು ಜುಲೈ 18, ಅಂದರೆ ಪಿಕ್‌ನಿಕ್ಕಿಗೆ ಹದಿನೆಂಟು ದಿನ ಮುಂಚೆ.

ಅಚ್ಚಾದ ಲೇಖನ ಊರಿಗೆಲ್ಲ ತೋರಿಸೋಕೆ ಬರೆದದ್ದು. ಮೊದಲ ಪುಟದ ಬರಹ ತನಗಾಗಿ ಬರೆದುಕೊಂಡದ್ದು. ಸುಳ್ಳು ಹೇಳೋ ಅವಶ್ಯಕತೆ ಅಲ್ಲಿ ಕಡಿಮೆ. ಇತಿಹಾಸದ ಕೆಲಸ ಮಾಡೋರು ಹಳೇ ಪುಸ್ತಕ ಕೈಗೆ ಬಂದ ತಕ್ಷಣ ಮೊದಲ ಪುಟ ಮತ್ತು ಕೊನೇ ರಟ್ಟು ತಿರುಗಿಸೋದು ಇದಕ್ಕೇ. ಇಂಥ ಪ್ರತಿಗೆ ಪುಸ್ತಕಲೋಕದಲ್ಲಿ ‘ಅಸೋಸಿಯೇಷನ್ ಕಾಪಿ’ ಅಂತಾರೆ. ಒಬ್ಬ ವ್ಯಕ್ತಿಯ ಸಂಬಂಧ ಅಂಟಿಕೊಂಡಿರುವ ಪ್ರತಿ ಅಂತ ಅರ್ಥ. ನಮ್ಮ ಐಟಿ ಭಾಷೆಯಲ್ಲಿ ಹೇಳೋದಾದರೆ ಕಥೆಗಳು ಡೇಟಾ, ಮೊದಲ ಪುಟ ಮೆಟಾಡೇಟಾ. ಡೇಟಾ ಎಷ್ಟು ಸಲ ಬೇಕಾದರೂ ಕಾಪಿ ಮಾಡಬಹುದು. ಈ ಮೆಟಾಡೇಟಾ ಒಂದೇ ಕಡೆ ಇರುತ್ತೆ, ಬ್ಯಾಕಪ್ ಇಲ್ಲ.

ಸಾವಿರ ಪುಸ್ತಕ, ನೂರ ಚಿಲ್ಲರೆ ಡಾಲರ್

‘ಮೋಬಿ ಡಿಕ್’ ಆಗ ಓಡಲಿಲ್ಲ. ಮೆಲ್ವಿಲ್ ಬದುಕಿದ್ದಷ್ಟು ಕಾಲ ಅಮೆರಿಕದಲ್ಲಿ ನಾಲ್ಕು ಸಾವಿರ ಪ್ರತಿಯೂ ಖರ್ಚಾಗಲಿಲ್ಲ. 1866ರಿಂದ ಹತ್ತೊಂಬತ್ತು ವರ್ಷ ಅವರು ನ್ಯೂಯಾರ್ಕ್ ಬಂದರಿನ ಕಸ್ಟಮ್ಸ್‌ನಲ್ಲಿ ಇನ್‌ಸ್ಪೆಕ್ಟರ್ ಕೆಲಸ ಮಾಡಿದರು. ಹಗಲು ಡ್ಯೂಟಿ, ಸಂಜೆ ಓದು. 1891ರ ಸೆಪ್ಟೆಂಬರ್ 28ರಂದು ತೀರಿಕೊಂಡಾಗ ಜನ ಹೆಚ್ಚುಕಡಿಮೆ ಮರೆತಿದ್ದರು. ಮನೆಯಲ್ಲಿ ಸುಮಾರು ಒಂದು ಸಾವಿರ ಪುಸ್ತಕ ಇತ್ತು.

ಹೆಂಡತಿ ಎಲಿಜಬೆತ್ ಕೆಲವು ಪುಸ್ತಕಗಳನ್ನು ಇಟ್ಟುಕೊಂಡರು. ಬಂಧುಗಳಿಗೆ, ಸ್ನೇಹಿತರಿಗೆ ಕೆಲವನ್ನು ಕೊಟ್ಟರು. ಉಳಿದದ್ದನ್ನು ಬ್ರೂಕ್ಲಿನ್‌ನ ಒಬ್ಬ ಹಳೇ ಪುಸ್ತಕದ ವ್ಯಾಪಾರಿ ನೂರು ಡಾಲರಿಗೆ ತುಸು ಮೇಲೆ ಕೊಟ್ಟು ಗಾಡಿಯಲ್ಲಿ ಸಾಗಿಸಿದ. ಅದರಲ್ಲಿದ್ದ ಧರ್ಮಶಾಸ್ತ್ರದ ಪುಸ್ತಕಗಳಿಗೆ ಗಿರಾಕಿ ಇಲ್ಲ ಅಂತ ರದ್ದಿಗೆ ಹಾಕಿದ. ‘ಮೋಬಿ ಡಿಕ್’ ಓದಿದವರಿಗೆ ಗೊತ್ತು, ಆ ಕಾದಂಬರಿಯ ಅರ್ಧ ಜಗಳ ದೇವರ ಜೊತೆಗೇ. ಅದಕ್ಕೆ ಹಿನ್ನೆಲೆಯಾಗಿದ್ದ ಓದಿನ ಗುರುತುಗಳು ಅವತ್ತೇ ಕಾಗದದ ಹಿಟ್ಟಾದವು.

ಯಾರದ್ದೂ ದುರುದ್ದೇಶ ಇರಲಿಲ್ಲ, ಅದನ್ನು ಗಮನಿಸಿ. ಗಂಡನನ್ನು ಕಳೆದುಕೊಂಡ ಹೆಂಗಸು ಮನೆ ಚಿಕ್ಕದು ಮಾಡುತ್ತಿದ್ದರು. ವ್ಯಾಪಾರಿ ತನ್ನ ವ್ಯಾಪಾರ ಮಾಡಿದ. ಆದರೆ 1919ರಲ್ಲಿ, ಮೆಲ್ವಿಲ್ ಹುಟ್ಟಿ ನೂರು ವರ್ಷ ಆದಾಗ, ಜಗತ್ತಿಗೆ ಅವರ ನೆನಪಾಯ್ತು. ವಿದ್ವಾಂಸರು ಬಂದು ಅವರ ಪುಸ್ತಕಗಳೆಲ್ಲಿ ಅಂತ ಕೇಳೋ ಹೊತ್ತಿಗೆ ಅವು ಹತ್ತಾರು ಊರಿಗೆ ಹೋಗಿದ್ದವು. ಮರ್ಟನ್ ಸೀಲ್ಟ್ಸ್ ಅನ್ನೋ ವಿದ್ವಾಂಸರು 1940ರ ದಶಕದಲ್ಲಿ ಒಂದೊಂದಾಗಿ ಹುಡುಕಿ ಪಟ್ಟಿ ಮಾಡೋಕೆ ಹೊರಟರು. ಆ ಪಟ್ಟಿ 1966ರಲ್ಲಿ ಪುಸ್ತಕವಾಯ್ತು, 1988ರಲ್ಲಿ ಪರಿಷ್ಕರಣೆ ಆಯ್ತು. ಈಗ ಅದೇ ಕೆಲಸ ಆನ್‌ಲೈನಿನಲ್ಲಿ ನಡೀತಾ ಇದೆ. ಆ ಸಾವಿರದಲ್ಲಿ ಅರ್ಧದಷ್ಟೂ ಇನ್ನೂ ಪತ್ತೆಯಾಗಿಲ್ಲ.

ಇನ್ನೊಂದು ಪುಸ್ತಕದ ಗತಿ ಕೇಳಿ. ಕಥಾಸಂಕಲನ ಸಿಗೋಕೆ ಎಂಟು ದಿನ ಮುಂಚೆ, ಜುಲೈ 10ರಂದು ಮೆಲ್ವಿಲ್ ಕೈಗೆ ಥಾಮಸ್ ಬೀಲ್ ಅನ್ನೋ ವೈದ್ಯ ತಿಮಿಂಗಿಲದ ಬಗ್ಗೆ ಬರೆದ ಪುಸ್ತಕ ಬಂದಿತ್ತು. ‘ಮೋಬಿ ಡಿಕ್’ಗೆ ಅದೇ ಮುಖ್ಯ ಆಕರ. ಮೆಲ್ವಿಲ್ ಅಂಚಿನಲ್ಲೆಲ್ಲ ಪೆನ್ಸಿಲ್ ಟಿಪ್ಪಣಿ ಬರೆದಿದ್ದರು. ಆಮೇಲೆ ಯಾರೋ ಅದನ್ನು ರಬ್ಬರ್ ಹಾಕಿ ಅಳಿಸಿದ್ದಾರೆ. ಅಳಿಸಿದ ಅಕ್ಷರಗಳನ್ನು ಕಾಗದದ ಮೇಲಿನ ಒತ್ತುಗುರುತು ನೋಡಿ, ಫೋಟೋ ತೆಗೆದು, ಮತ್ತೆ ಓದೋಕೆ ವಿದ್ವಾಂಸರು ವರ್ಷಗಟ್ಟಲೆ ಕಷ್ಟಪಟ್ಟಿದ್ದಾರೆ. ಅಳಿಸಿದ ಒಂದು ನಿಮಿಷಕ್ಕೆ ಇಷ್ಟು ಬೆಲೆ.

ಮಂಜೇಶ್ವರದಿಂದ ಉಡುಪಿಗೆ

ಇದಕ್ಕೆ ಎದುರಾಗಿ ನಮ್ಮ ಕಡೆಯದ್ದೇ ಒಂದು ಒಳ್ಳೆ ಉದಾಹರಣೆ ಇದೆ. ರಾಷ್ಟ್ರಕವಿ ಎಂ. ಗೋವಿಂದ ಪೈ. 1883ರಲ್ಲಿ ಹುಟ್ಟಿದರು, ಬಾಳಿದ್ದು ಮಂಜೇಶ್ವರದಲ್ಲಿ. ಹತ್ತಾರು ಭಾಷೆ ಬಲ್ಲವರು, ಕವಿ, ಇತಿಹಾಸ ಸಂಶೋಧಕರು. 1956ರಲ್ಲಿ ರಾಜ್ಯಗಳ ಗಡಿ ಎಳೆದಾಗ ಕಾಸರಗೋಡಿನ ಜೊತೆ ಮಂಜೇಶ್ವರವೂ ಕೇರಳಕ್ಕೆ ಸೇರಿತು. ಮನೆ ಅಲ್ಲೇ ಇತ್ತು, ರಾಜ್ಯ ಬದಲಾಯ್ತು. 1963ರ ಸೆಪ್ಟೆಂಬರ್ 6ರಂದು ಪೈಗಳು ತೀರಿಕೊಂಡರು.

ಅವರ ಪುಸ್ತಕಗಳು ರದ್ದಿಗೆ ಹೋಗಲಿಲ್ಲ, ಹರಾಜಿಗೂ ಹೋಗಲಿಲ್ಲ. ಉಡುಪಿಯ ಎಂಜಿಎಂ ಕಾಲೇಜಿಗೆ ಬಂದವು. ಆಗ ಅಲ್ಲಿ ಪ್ರಾಂಶುಪಾಲರಾಗಿದ್ದ ಕು.ಶಿ. ಹರಿದಾಸ ಭಟ್ಟರ ಮುತುವರ್ಜಿಯಿಂದ ಅಲ್ಲೇ ಗೋವಿಂದ ಪೈ ಸಂಶೋಧನ ಕೇಂದ್ರ ಬೆಳೆಯಿತು. ಒಬ್ಬ ಮನುಷ್ಯ ಏನೇನು ಓದಿದ, ಯಾವ ಭಾಷೆಯಿಂದ ಯಾವ ಭಾಷೆಗೆ ನಡೆದ ಅನ್ನೋದನ್ನು ತಿಳಿಯಬೇಕಾದರೆ ಅವನ ಪುಸ್ತಕಗಳು ಅಕ್ಕಪಕ್ಕ ನಿಂತಿರಬೇಕು. ಮೆಲ್ವಿಲ್ ವಿಷಯದಲ್ಲಿ ಎಪ್ಪತ್ತೆಂಬತ್ತು ವರ್ಷದಿಂದ ಹುಡುಕಾಟ ನಡೀತಿದೆ, ಇಲ್ಲಿ ಆ ಹುಡುಕಾಟದ ಬಹುಪಾಲು ಬೇಕೇ ಆಗಲಿಲ್ಲ. ಮಂಜೇಶ್ವರದ ಅವರ ಮನೆ ಇರುವ ಜಾಗವೂ ಈಗ ‘ಗಿಳಿವಿಂಡು’ ಹೆಸರಿನಲ್ಲಿ ಸ್ಮಾರಕವಾಗಿದೆ.

ಮುಂಬಯಿಯಲ್ಲೂ ಇಂಥದ್ದಿದೆ. ದಾದರ್ ಹಿಂದೂ ಕಾಲೋನಿಯ ‘ರಾಜಗೃಹ’ವನ್ನು ಡಾ. ಅಂಬೇಡ್ಕರ್ ಕಟ್ಟಿಸಿದ್ದೇ ಪುಸ್ತಕಗಳನ್ನು ಮನಸ್ಸಿನಲ್ಲಿಟ್ಟುಕೊಂಡು. 1946ರಲ್ಲಿ ಅವರ ಸಂಸ್ಥೆ ಶುರು ಮಾಡಿದ ಸಿದ್ಧಾರ್ಥ ಕಾಲೇಜಿನ ಲೈಬ್ರರಿಗೆ ಅವರ ಸಂಗ್ರಹದ ದೊಡ್ಡ ಪಾಲು ಹೋಯ್ತು. ಪುಸ್ತಕ ಯಾರಿಗೆ ಹೋಗಬೇಕು ಅಂತ ಇದ್ದಾಗಲೇ ಯೋಚಿಸಿದವರು ಅವರು.

ನಮ್ಮ ಕಪಾಟು

ಈಗ ಕನ್ನಡದ ಸಣ್ಣಕಥೆಗೆ ಬನ್ನಿ. 1900ರ ಸುಮಾರಿಗೆ ಮಂಗಳೂರಿನ ‘ಸುವಾಸಿನಿ’ ಪತ್ರಿಕೆಯಲ್ಲಿ ಪಂಜೆ ಮಂಗೇಶರಾಯರು ಕಥೆ ಬರೆಯುತ್ತಿದ್ದರು. ಇವರು ಗೋವಿಂದ ಪೈಗಳ ಗುರುಗಳೂ ಹೌದು. ಬಾಗಲಕೋಟೆ ಕಡೆ ಕೆರೂರು ವಾಸುದೇವಾಚಾರ್ಯರು ಬರೆಯುತ್ತಿದ್ದರು. ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ ‘ಕೆಲವು ಸಣ್ಣ ಕತೆಗಳು’ ಬಂದದ್ದು 1920ರಲ್ಲಿ. ಹೊಸಗನ್ನಡದ ಕಥಾಸಂಕಲನಗಳ ಮಾತು ಬಂದಾಗ ಎಲ್ಲರೂ ಅಲ್ಲಿಂದ ಎಣಿಸೋಕೆ ಶುರು ಮಾಡ್ತಾರೆ. ಮಾಸ್ತಿಗೆ ಆಗ ಇಪ್ಪತ್ತೊಂಬತ್ತು.

ಮುಂಬಯಿಯ ಪಾಲೂ ಇದರಲ್ಲಿ ಸಣ್ಣದೇನಲ್ಲ. ಹನೇಹಳ್ಳಿಯಿಂದ ಬಂದ ಯಶವಂತ ಚಿತ್ತಾಲರ ಮೊದಲ ಸಂಕಲನ ‘ಸಂದರ್ಶನ’ 1957ರದ್ದು. ‘ಕತೆಯಾದಳು ಹುಡುಗಿ’ಗೆ 1983ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅವರು ವೃತ್ತಿಯಲ್ಲಿ ಪಾಲಿಮರ್ ತಂತ್ರಜ್ಞ, ಅಮೆರಿಕದ ಸ್ಟೀವನ್ಸ್ ಇನ್‌ಸ್ಟಿಟ್ಯೂಟಿನಲ್ಲಿ ಓದಿ ಬಂದವರು. ಆ ಕಾಲೇಜು ಇರೋದು ಹೋಬೋಕನ್‌ನಲ್ಲಿ, ಮೆಲ್ವಿಲ್ ಕೊನೆಯ ದಿನಗಳನ್ನು ಕಳೆದ ಮ್ಯಾನ್‌ಹಟನ್‌ನ ಎದುರು ದಡದಲ್ಲಿ. ಬಯೋಕೆಮಿಸ್ಟ್ರಿ ಓದಿ ಇಲ್ಲಿ ಔಷಧ ಕಂಪನಿಯಲ್ಲಿ ದುಡಿದ ಜಯಂತ ಕಾಯ್ಕಿಣಿಯವರ ಮುಂಬಯಿ ಕಥೆಗಳು ‘ನೋ ಪ್ರೆಸೆಂಟ್ಸ್ ಪ್ಲೀಸ್’ ಹೆಸರಲ್ಲಿ ಇಂಗ್ಲಿಷಿಗೆ ಹೋಗಿ 2018ರ ಡಿಎಸ್‌ಸಿ ಪ್ರಶಸ್ತಿ ತಂದವು. ಲೋಕಲ್ ಟ್ರೈನಿನಲ್ಲಿ ಆಫೀಸಿಗೆ ಹೋಗಿ ಬಂದು ಬರೆದವರು ಇವರೆಲ್ಲ. ಇವರನ್ನು ಓದಿದವರೂ ಅದೇ ಟ್ರೈನಿನಲ್ಲಿದ್ದರು: ಬ್ಯಾಂಕ್ ಗುಮಾಸ್ತರು, ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆ ಓದಿದವರು, ಮುನ್ಸಿಪಾಲಿಟಿ ಕನ್ನಡ ಶಾಲೆಯ ಟೀಚರುಗಳು.

ಆ ಓದುಗರ ಕಪಾಟುಗಳು ಈಗ ಬೀದಿಗೆ ಬರ್ತಾ ಇವೆ. ನಮ್ಮ ಪಕ್ಕದ ಸೊಸೈಟಿಯ ಹಿರಿಯರೊಬ್ಬರು ಮನೆ ಖಾಲಿ ಮಾಡುವಾಗ ಸಹಾಯಕ್ಕೆ ಕರೆದಿದ್ದರು. ಒಂದೊಂದೇ ಪುಸ್ತಕ ತೆಗೆದು ನೋಡಿದೆ. ಒಂದರಲ್ಲಿ ಮದುವೆ ಉಡುಗೊರೆ ಅಂತ ಬರೆದು ಆರು ಜನ ಸಹಿ ಹಾಕಿದ್ದರು. ಒಂದರಲ್ಲಿ ಮೊದಲ ಸಂಬಳದಲ್ಲಿ ಕೊಂಡದ್ದು ಅಂತ ತಾರೀಖು. ಇನ್ನೊಂದರಲ್ಲಿ ರೈಲ್ವೆಯ ಹಳೇ ರಟ್ಟಿನ ಟಿಕೆಟ್, ಬುಕ್‌ಮಾರ್ಕ್ ಆಗಿ. ‘ಯಾವುದಾದ್ರೂ ಬೇಕಾದ್ರೆ ತಗೊಳ್ಳಪ್ಪ, ಉಳಿದದ್ದು ರದ್ದಿಯವನು ಕಿಲೋ ಲೆಕ್ಕದಲ್ಲಿ ಒಯ್ತಾನೆ’ ಅಂದರು. ಮಗ ಹೊರದೇಶದಲ್ಲಿ, ಮೊಮ್ಮಕ್ಕಳಿಗೆ ಕನ್ನಡ ಓದೋಕೆ ಬರೋದಿಲ್ಲ. ಅವರನ್ನು ಯಾವ ಬಾಯಲ್ಲಿ ತಪ್ಪು ಅನ್ನೋದು?

ಇಲ್ಲಿ ನಮ್ಮವರು ಸಾಮಾನ್ಯವಾಗಿ ಕೇಳೋ ಪ್ರಶ್ನೆ: ಪಿಡಿಎಫ್ ಸಿಗುತ್ತಲ್ಲ, ಮರುಮುದ್ರಣ ಆಗಿದೆಯಲ್ಲ, ಹಳೇ ಪ್ರತಿ ಯಾಕೆ? ಕಥೆ ಓದೋಕೆ ಪಿಡಿಎಫ್ ಧಾರಾಳ ಸಾಕು. ಆದರೆ ಹಾಥಾರ್ನ್ ಕಥೆಗಳ ಪಿಡಿಎಫ್‌ನಲ್ಲಿ ದೊಡ್ಡಮ್ಮ ಇಲ್ಲ. ಮಾಸ್ತಿಯನ್ನು ಮುಂಬಯಿಯಲ್ಲಿ ಯಾರು ಓದಿದರು, ಚಿತ್ತಾಲರ ಪುಸ್ತಕವನ್ನು ಯಾರು ಯಾರಿಗೆ ಮದುವೆಗೆ ಕೊಟ್ಟರು ಅನ್ನೋದು ಯಾವ ಮರುಮುದ್ರಣದಲ್ಲೂ ಬರೋದಿಲ್ಲ. ಮುಂಬಯಿ ಕನ್ನಡಿಗರ ಇತಿಹಾಸ ಅಂದರೆ ಸಂಘಗಳ ಸ್ಥಾಪನೆಯ ವರ್ಷ, ಅಧ್ಯಕ್ಷರ ಪಟ್ಟಿ ಅಷ್ಟೇ ಅಲ್ಲ. ಪರವೂರಿನಲ್ಲಿ ದುಡಿಯುತ್ತಾ ಸಂಬಳದಲ್ಲಿ ಉಳಿಸಿ ಕಥೆಪುಸ್ತಕ ಕೊಂಡವರೂ ಅದರಲ್ಲಿದ್ದಾರೆ. ಅವರು ಆತ್ಮಕಥೆ ಬರೆದಿಲ್ಲ. ಬರೆದದ್ದು ಆ ಮೊದಲ ಪುಟದ ಒಂದೂವರೆ ಸಾಲು ಮಾತ್ರ.

ಹೆಸರಾಂತ ಲೇಖಕರ ಪ್ರತಿ ಕಾಂದಿವಲಿಯ ರದ್ದಿಯಲ್ಲಿ ಸಿಗುತ್ತೆ ಅಂತ ಆಸೆ ಹುಟ್ಟಿಸೋಕೆ ನಾನು ಇದನ್ನು ಹೇಳ್ತಾ ಇಲ್ಲ. ಆದರೆ ಒಂದು ಲೆಕ್ಕ ನೆನಪಿಡಿ. 1891ರಲ್ಲಿ ಮೆಲ್ವಿಲ್ ಕೂಡ ಹೆಸರಾಂತ ಲೇಖಕ ಆಗಿರಲಿಲ್ಲ, ನಿವೃತ್ತ ಕಸ್ಟಮ್ಸ್ ಇನ್‌ಸ್ಪೆಕ್ಟರ್. ಯಾವ ಕಪಾಟು ಮುಖ್ಯ ಅಂತ ಕಪಾಟು ಖಾಲಿಯಾಗೋ ದಿನ ಯಾರಿಗೂ ಗೊತ್ತಿರೋದಿಲ್ಲ.

ಒಂದು ಭಾನುವಾರದ ಕೆಲಸ

ಹಾಗಾದರೆ ಏನು ಮಾಡೋದು? ಎಲ್ಲ ಪುಸ್ತಕ ನಮ್ಮ ಒನ್ ಬಿಎಚ್‌ಕೆಯಲ್ಲಿ ಇಟ್ಟುಕೊಳ್ಳೋಕೆ ಆಗೋದಿಲ್ಲ, ಗೊತ್ತು. ಮಾಡಬಹುದಾದ್ದು ಇಷ್ಟು.

ಮೊದಲು ಪ್ರತಿ ಪುಸ್ತಕದ ಮೊದಲ ಪುಟ, ಶೀರ್ಷಿಕೆ ಪುಟ, ಮುದ್ರಣದ ವಿವರ ಇರುವ ಪುಟ, ಹಿಂದಿನ ರಟ್ಟಿನ ಒಳಭಾಗ, ಇವುಗಳ ಫೋಟೋ ಮೊಬೈಲಿನಲ್ಲೇ ತೆಗೀರಿ. ಅಂಚಿನಲ್ಲಿ ಬರಹ ಇದ್ದರೆ ಆ ಪುಟಗಳನ್ನೂ ತೆಗೀರಿ. ಒಳಗೆ ಟಿಕೆಟ್, ಬಿಲ್ಲು, ಪತ್ರ ಸಿಕ್ಕಿದರೆ ಯಾವ ಪುಟದ ನಡುವೆ ಇತ್ತು ಅಂತ ಗುರುತು ಹಾಕಿಕೊಳ್ಳಿ.

ಆಮೇಲೆ ಒಂದು ಸ್ಪ್ರೆಡ್‌ಶೀಟ್. ಪುಸ್ತಕ, ಲೇಖಕರು, ವರ್ಷ, ಎಷ್ಟನೇ ಮುದ್ರಣ, ಮೊದಲ ಪುಟದಲ್ಲಿ ಏನಿದೆ, ಪುಸ್ತಕ ಯಾರದ್ದು, ಯಾವ ಮನೆಯಿಂದ ಬಂತು. ಕೊನೆಯ ಎರಡು ಕಾಲಂ ಮುಖ್ಯ. ಒಂದು ಸಹಿ ನಿಜವೋ ಸುಳ್ಳೋ ಅಂತ ಮುಂದೆ ತೀರ್ಮಾನ ಆಗೋದು ಕೈಬರಹ ನೋಡಿ ಮಾತ್ರ ಅಲ್ಲ, ಪುಸ್ತಕ ಯಾರ ಕೈಯಿಂದ ಯಾರ ಕೈಗೆ ಬಂತು ಅನ್ನೋ ಸರಪಳಿ ನೋಡಿ. ಆ ಸರಪಳಿ ಹೇಳಬಲ್ಲ ಅಜ್ಜ, ಅಜ್ಜಿ ಎದುರಿಗೇ ಕೂತಿರುವಾಗ ಕೇಳಿ ಬರೆದುಕೊಳ್ಳಿ.

ಪೆನ್ಸಿಲ್ ಗೆರೆ ಅಳಿಸಬೇಡಿ. ಹೆಸರಿರುವ ಪುಟ ಹರಿಯಬೇಡಿ, ಅದರ ಮೇಲೆ ಲೇಬಲ್ ಅಂಟಿಸಬೇಡಿ. ಚೆಂದ ಕಾಣಲಿ ಅಂತ ಹೊಸ ಬೈಂಡಿಂಗ್ ಮಾಡಿಸಿದರೆ ಮೊದಲ ಮತ್ತು ಕೊನೇ ಹಾಳೆಗಳೇ ಹೋಗಿಬಿಡುವ ಅಪಾಯ ಇದೆ. ಹರಿದಿದ್ದರೆ ಸೆಲೋಟೇಪ್ ಬೇಡ, ಹಳದಿಯಾಗಿ ಕಾಗದವನ್ನೇ ತಿನ್ನುತ್ತೆ. ತೇವ ತಾಗದ ಹಾಗೆ ಇಡಿ, ಮುಂಬಯಿ ಮಳೆಗಾಲ ನಿಮಗೆ ಗೊತ್ತೇ ಇದೆ.

ಕೊಡೋದಾದರೆ ಬಿಡಿಬಿಡಿಯಾಗಿ ಕೊಡಬೇಡಿ, ಪಟ್ಟಿಯ ಸಮೇತ ಒಟ್ಟಿಗೆ ಕೊಡಿ. ಮಾಟುಂಗದಲ್ಲಿ 1926ರಿಂದ ಇರುವ ಮೈಸೂರು ಅಸೋಸಿಯೇಷನ್, ಕಲೀನಾದಲ್ಲಿ 1978ರಲ್ಲಿ ಶುರುವಾದ ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗ, ನಿಮ್ಮ ಊರಿನ ಕಾಲೇಜು, ಹೀಗೆ ಯಾರಿಗಾದರೂ ಕೊಡುವ ಮುಂಚೆ ಫೋನ್ ಮಾಡಿ ಕೇಳಿ. ಎಲ್ಲ ಕಡೆ ಜಾಗದ ಕೊರತೆ ಇದೆ, ಎಲ್ಲವನ್ನೂ ತಗೊಳ್ಳಲಿಕ್ಕಿಲ್ಲ. ಚೀಲ ತುಂಬಿ ಬಾಗಿಲಲ್ಲಿ ಇಟ್ಟು ಬಂದರೆ ಅದೂ ಒಂಥರಾ ರದ್ದಿಯೇ. ಪಟ್ಟಿ ಇದ್ದರೆ ಅವರಿಗೆ ಆರಿಸಿಕೊಳ್ಳೋಕೆ ಅನುಕೂಲ. ಪುಸ್ತಕ ಯಾರೂ ತಗೊಳ್ಳದೇ ಹೋದರೂ ಪಟ್ಟಿ ಮತ್ತು ಫೋಟೋ ನಿಮ್ಮ ಹತ್ತಿರ ಉಳಿಯುತ್ತೆ. ಸೀಲ್ಟ್ಸ್ ಇಡೀ ಜೀವನ ಹುಡುಕಿದ್ದು ಅಂಥದ್ದೊಂದು ಪಟ್ಟಿಯನ್ನೇ.

ಕೊನೆಯದಾಗಿ, ಇನ್ನು ಮೇಲೆ ಯಾರಿಗಾದರೂ ಕನ್ನಡ ಪುಸ್ತಕ ಕೊಟ್ಟರೆ ಖಾಲಿ ಕೊಡಬೇಡಿ. ಯಾರು, ಯಾರಿಗೆ, ಯಾವ ಊರು, ಯಾವ ದಿನ ಅಂತ ಮೊದಲ ಪುಟದಲ್ಲಿ ಬರೆದು ಕೊಡಿ. ಪಿಟ್ಸ್‌ಫೀಲ್ಡಿನ ಆ ಪುಟದಲ್ಲಿರೋದೂ ಅಷ್ಟೇ.